ತಪ್ಪು ಕೂಸಿನದಲ್ಲ

ಅಕ್ಕ ಬಾಣಂತನಕ್ಕೆ ಬಂದಿದ್ದ ತಿಂಗಳುಗಳಲ್ಲಿ ಹೂವಿನಹಡಗಲಿಯ ನಮ್ಮ ಮನೆಯಲ್ಲಿ ಯಾರ ಸೀರೆ ಒದ್ದೆಯಾದರೂ ಅದಕ್ಕೆ ಕಾರಣ ಒಬ್ಬನೇ ಇದ್ದ. ಅವನು ಅಕ್ಕನ ಮಗ, ಮನೆಯ ಮೊದಲ ಮೊಮ್ಮಗ. ಅವ್ವ ಬಚ್ಚಲಲ್ಲಿ ಎರಡೂ ಕಾಲು ಚಾಚಿ ಅವನನ್ನು ಮೊಣಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕುತ್ತಿದ್ದಳು, ಎರೆಯುತ್ತಿದ್ದಳು, ಹೊಗೆ ಹಾಕುತ್ತಿದ್ದಳು. ಆಮೇಲೂ ಅವನು ಹೆಚ್ಚಾಗಿ ಅವಳ ಮಡಿಲಲ್ಲೇ ಇರುತ್ತಿದ್ದ. ಅವಳು ಎದ್ದಾಗ ಸೀರೆಯ ಮೇಲೆ ಅಗಲವಾದ ಒದ್ದೆ ಕಂಡರೆ ಪಡಸಾಲೆಯಲ್ಲಿ ಕೂತಿದ್ದ ಅಪ್ಪ ನಗುತ್ತಿದ್ದರು.

"ಲೇ, ಅವನ್ನ ತೋಟಕ್ಕ ಕರಕೊಂಡು ಹೋಗ್ರಿ. ಬೋರಿನ್ಯಾಗ ನೀರು ಬರವಲ್ದು, ಇವನ್ಯಾಗ ಭರಪೂರ ಐತಿ."

"ನಿಮ್ಮ ಮೊಮ್ಮಗ ಅಲ್ರೀ, ನಿಮ್ಮಂಗ ದಾನಶೂರ" ಎಂದು ಅವ್ವ ತಿರುಗಿ ಹೇಳಿ, ಸೀರೆ ಬದಲಾಯಿಸಲು ಒಳಗೆ ಹೋಗುತ್ತಿದ್ದಳು. ಎಲ್ಲರೂ ನಗುತ್ತಿದ್ದೆವು. ಕೂಸು ಏನೂ ಅರಿಯದೆ ಮುಷ್ಟಿ ಚೀಪುತ್ತಿತ್ತು.

ಒಂದು ಬೆಳಿಗ್ಗೆ ಲಸಿಕೆ ಹಾಕಿಸಲು ಹೊರಟಿದ್ದೆವು. ದಾರಿಯಲ್ಲಿ ತೊಂದರೆಯಾಗಬಾರದೆಂದು ಅಕ್ಕ ಮಗನಿಗೆ ಹೊಸ ಡೈಪರ್ ಹಾಕಿ, ಅವ್ವನ ಕೈಗೆ ಕೊಟ್ಟು ತಲೆ ಬಾಚಿಕೊಳ್ಳಲು ಹೋದಳು. ನಾನು ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಿದ್ದೆ. ಮೆಣಸಿನಕಾಯಿಯ ಘಾಟಿಗೆ ಅವ್ವ ಮೇಲಿಂದ ಮೇಲೆ ಸೀನಿದಳು. ಮರುಕ್ಷಣ ಅವಳ ದನಿ ಕೇಳಿತು.

"ಹಿಡಿ ಇವನ್ನ. ಮತ್ತ ಮಾಡ್ಯಾನ ನೋಡು."

ನಾನು ಒಲೆ ಆರಿಸಿ ಬಂದು ಕೂಸನ್ನು ಎತ್ತಿಕೊಂಡೆ. ಅವನ ಅಂಗಿ ಒಣಗಿತ್ತು. ಕಾಲು ಒಣಗಿದ್ದವು. ಡೈಪರ್ ಬಿಗಿಯಾಗಿ, ಹಗುರವಾಗಿ ಇತ್ತು. ಅವ್ವ ಒಳಕೋಣೆಯ ಕಡೆ ತಿರುಗಿದಾಗ ಅವಳ ಸೀರೆಯ ಹಿಂಭಾಗದ ಒದ್ದೆ ನೋಡಿದೆ. ಬಾಗಿಲ ಹತ್ತಿರ ಅವಳು ಒಮ್ಮೆ ತಿರುಗಿ ನನ್ನನ್ನೂ, ನನ್ನ ಕೈಯಲ್ಲಿದ್ದ ಕೂಸನ್ನೂ ನೋಡಿದಳು. ಡೈಪರ್ ಇದೆಯೆಂಬುದು ಅವಳಿಗೂ ಆಗಲೇ ಹೊಳೆದಿರಬೇಕು. ನಾನು ಕೂಸಿನ ಅಂಗಿ ಸರಿಮಾಡತೊಡಗಿದೆ. ಅವಳು ಒಳಗೆ ಹೋಗಿ ಕದ ಹಾಕಿಕೊಂಡಳು.

ನಮ್ಮ ಮನೆಯಲ್ಲಿ ಮೈಯ ವಿಚಾರ ಮಾತಾಡುವ ರೂಢಿಯಿಲ್ಲ. ನಾನು ದೊಡ್ಡವಳಾದಾಗ ಅವ್ವ ಬಟ್ಟೆಯ ಪೊಟ್ಟಣವೊಂದನ್ನು ನನ್ನ ಹಾಸಿಗೆಯ ಮೇಲಿಟ್ಟು, ಹೊರಗಿನಿಂದ ಕದ ಮುಂದೆ ಮಾಡಿ ಹೋಗಿದ್ದಳು. ನನಗೆ ಅಷ್ಟೇ ಸಾಕೆನ್ನಿಸಿತ್ತು. ನನ್ನದೂ ಅವಳ ಸ್ವಭಾವವೇ. ಸಸ್ಯಶಾಸ್ತ್ರ ಓದಿ, ಈಗ ಊರ ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ಹೂವಿನ ಅಂಗಾಂಗಗಳ ಹೆಸರನ್ನು ನಲವತ್ತು ಜನರೆದುರು ಗಟ್ಟಿಯಾಗಿ ಹೇಳಬಲ್ಲೆ. ಅವ್ವನನ್ನು ಒಂದು ಪ್ರಶ್ನೆ ಕೇಳಲು ಮಾತ್ರ ಬಾಯಿ ಬರಲಿಲ್ಲ.

ಕೇಳದಿದ್ದರೂ ಕಾಣುತ್ತಾ ಹೋಯಿತು. ಅವ್ವ ನೀರು ಕುಡಿಯುವುದನ್ನು ಬಹುತೇಕ ಬಿಟ್ಟಿದ್ದಳು. ಪೇಟೆಗೆ ಹೋಗುವ ದಿನವಂತೂ ಬೆಳಗಿನಿಂದ ತೊಟ್ಟೂ ಕುಡಿಯುತ್ತಿರಲಿಲ್ಲ. ಬಚ್ಚಲಿಗೆ ಹೋಗಿ ಬಂದ ಮೇಲೆ ತುಸು ಹೊತ್ತು ಗೋಡೆಗೆ ಕೈಯೂರಿ ನಿಲ್ಲುತ್ತಿದ್ದಳು. ಉರಿಯೆಂದು ಯಾರಿಗೂ ಹೇಳದೆ, ಮೈಗೆ ಉಷ್ಣವಾಗಿದೆಯೆಂದು ತಾನೇ ತೀರ್ಮಾನಿಸಿ ನೆತ್ತಿಗೂ ಹೊಕ್ಕುಳಿಗೂ ಔಡಲ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು. "ಉರಿಮೂತ್ರದ ಗುಳಿಗಿ ಅಂತ ಕೇಳು, ಕೊಡ್ತಾನ" ಎಂದು, ಯಾರಿಗೆಂದು ಹೇಳದೆಯೇ, ನನ್ನನ್ನು ಔಷಧದ ಅಂಗಡಿಗೂ ಕಳಿಸಿದ್ದಳು. ಅವನು ಮೂರು ಗುಳಿಗೆ ಕತ್ತರಿಸಿ ಕೊಟ್ಟ. ನಾಲ್ಕು ದಿನ ಆರಾಮ, ಮತ್ತೆ ಅದೇ ಉರಿ.

ಎಲ್ಲಕ್ಕಿಂತ ಕಷ್ಟವಾಗಿದ್ದು ಪೂಜೆಯ ಹೊತ್ತು. ಅವ್ವ ಮಿಂದು ಮಡಿಯುಟ್ಟು, ಕೊರಳಲ್ಲಿನ ಲಿಂಗವನ್ನು ಎಡ ಅಂಗೈಯಲ್ಲಿಟ್ಟು ಪೂಜಿಸದೆ ಬಾಯಿಗೆ ಏನೂ ಹಾಕುವವಳಲ್ಲ. ಹಿತ್ತಲ ಮಲ್ಲಿಗೆಯ ಮೊದಲ ಹಿಡಿ ಮೊಗ್ಗು ಆ ಪೂಜೆಗೇ. ಮೊದಲೆಲ್ಲ ಕೂತರೆ ಒಂದೇ ಆಸನದಲ್ಲಿ ಮುಗಿಸಿ ಏಳುತ್ತಿದ್ದಳು. ಈಗ ನಡುವೆ ಎದ್ದು ಹೋಗಿ, ಮತ್ತೆ ಮೈತೊಳೆದು, ಮತ್ತೊಂದು ಸೀರೆ ಉಟ್ಟು ಬಂದು ಮೊದಲಿಂದ ಶುರು ಮಾಡುತ್ತಿದ್ದಳು. ಕೆಲವು ದಿನ ಮೂರನೆಯ ಸಲವೂ ಆಗುತ್ತಿತ್ತು. ಬಾಣಂತಿಯ ಬಟ್ಟೆ ನೆನೆಸಲು ತಂದಿದ್ದ ಆಸ್ಪತ್ರೆ ವಾಸನೆಯ ಔಷಧ ಬೇಗ ಬೇಗ ಖಾಲಿಯಾಗುತ್ತಿತ್ತು. ಅವಳು ಅದನ್ನು ಎಲ್ಲಿಗೆ ಬಳಸುತ್ತಿದ್ದಾಳೆಂದು ಊಹಿಸಿದಾಗ ನನಗೇ ಉರಿದಂತಾಯಿತು.

ಇಷ್ಟಾದರೂ ನಾನು ಸುಮ್ಮನಿದ್ದೆ. ಸುಮ್ಮನಿರಲಾಗದಂತೆ ಮಾಡಿದ್ದು ಹರಪನಹಳ್ಳಿಯಿಂದ ಬಂದ ಮಾತು.

ಅಕ್ಕನ ಗಂಡನ ಮನೆ ಹರಪನಹಳ್ಳಿ. ಐದನೇ ತಿಂಗಳಲ್ಲಿ ಕೂಸನ್ನೂ ಬಾಣಂತಿಯನ್ನೂ ಕಳಿಸಿಕೊಡಬೇಕೆಂದು ಬೀಗರು ಬಂದು ದಿನ ಗೊತ್ತು ಮಾಡಿ ಹೋದರು. ತವರಿನವರು ತೊಟ್ಟಿಲು, ಬೆಳ್ಳಿಯ ಉಡಿದಾರ, ಕೌದಿ ಎಲ್ಲ ಒಯ್ದು ಬಿಟ್ಟು ಬರುವುದು ನಮ್ಮ ಕಡೆಯ ಪದ್ಧತಿ. ಜೊತೆಗೆ ಹೋದ ಅಜ್ಜಿ ಹೊಸ ಮನೆಯಲ್ಲಿ ಕೂಸಿನ ಮಗ್ಗುಲಲ್ಲಿ ಮಲಗಿ, ಅದು ಆ ಮನೆಯ ಸದ್ದಿಗೆ, ಬೆಳಕಿಗೆ ಹೊಂದಿಕೊಂಡ ಮೇಲೆ ಹಿಂತಿರುಗುತ್ತಾಳೆ. ಎಂಟು ದಿನವಾದರೂ ಇರಲೇಬೇಕು. ಹೆಣ್ಣಿನ ತಾಯಿ ಆ ಮನೆಯಲ್ಲಿ ಉಂಡು, ಮಲಗಿ, ಗೌರವ ಪಡೆಯುವುದು ಆ ಒಂದು ಸಲವೇ.

ಬೀಗರು ಹೋದ ಸಂಜೆ ಅವ್ವ ಹೇಳಿದಳು.

"ನಾ ಬರಂಗಿಲ್ಲ. ಮಾಗಳದಿಂದ ನಿಮ್ಮ ಚಿಗವ್ವನ್ನ ಕರಸ್ತೀನಿ. ಆಕಿ ಬರ್ತಾಳ, ಆಕೀನ ಇರ್ತಾಳ."

ಅಕ್ಕ ಮೊದಲು ತಮಾಷೆಯೆಂದುಕೊಂಡಳು. ಆಮೇಲೆ ಮುಖ ಸಣ್ಣದಾಯಿತು.

"ಚಿಗವ್ವ ಏನು ನನ್ನ ಹಡದಾಳೇನು? ನಮ್ಮತ್ತಿ ಏನಂತಾರ? ತಾಯಿ ಇದ್ದೂ ಬರಲಿಲ್ಲ ಅಂತಾರ."

"ನನಗ ಮೈಯಾಗ ಸುಮಾರೈತಿ."

"ಏನಾಗೈತಿ? ದಿನಾ ಹತ್ತು ಮಂದೀದು ಅಡಿಗಿ ಮಾಡ್ತಿ. ನನ್ನ ಮನಿಗೆ ಬರಾಕ ಅಷ್ಟ ಸುಮಾರು?"

"ಹೂಂ, ಅಷ್ಟ."

ಅಕ್ಕ ಮಗನನ್ನು ಎತ್ತಿಕೊಂಡು ಒಳಗೆ ಹೋಗಿ ಕದ ಹಾಕಿಕೊಂಡಳು. ಮದುವೆಯಲ್ಲಿ ಬೀಗರ ಕಡೆಯವರು ಊಟದ ವಿಷಯಕ್ಕೆ ಏನೋ ಅಂದಿದ್ದರು. ಅವ್ವ ಅದನ್ನೇ ಮನಸ್ಸಿನಲ್ಲಿಟ್ಟುಕೊಂಡು ಸೇಡು ತೀರಿಸುತ್ತಿದ್ದಾಳೆಂದು ಅಕ್ಕನ ಲೆಕ್ಕ. ಎರಡು ದಿನ ತಾಯಿ ಮಗಳ ನಡುವೆ ಕೂಸಿನ ಮೂಲಕವೇ ಮಾತುಕತೆ ನಡೆಯಿತು. "ನಿಮ್ಮವ್ವಗ ಉಣ್ಣಾಕ ಬಾ ಅಂತ ಹೇಳು." "ಹಸಿವಿಲ್ಲ ಅಂತ ನಿಮ್ಮಜ್ಜಿಗೆ ಹೇಳು." ಕೂಸು ಇಬ್ಬರಿಗೂ ನಗುತ್ತಿತ್ತು.

ಮೂರನೆಯ ಬೆಳಿಗ್ಗೆ ಹಿತ್ತಲಲ್ಲಿ ಅವ್ವನೊಂದಿಗೆ ಮೊಗ್ಗು ಬಿಡಿಸಲು ನಿಂತೆ. ಅರಳುವ ಮೊದಲೇ ಬಿಡಿಸಬೇಕಾದ್ದರಿಂದ ಇಬ್ಬರೂ ಗಿಡದ ಮೇಲೆ ಕಣ್ಣಿಟ್ಟಿದ್ದೆವು. ಮುಖ ನೋಡದೆ ಮಾತಾಡಲು ಅದಕ್ಕಿಂತ ಒಳ್ಳೆಯ ಜಾಗ ನಮ್ಮ ಮನೆಯಲ್ಲಿಲ್ಲ.

"ಆವತ್ತು ಕೂಸಿಗೆ ಡೈಪರ್ ಹಾಕಿತ್ತವ್ವ" ಎಂದೆ.

ಅವಳ ಕೈ ನಿಲ್ಲಲಿಲ್ಲ. ಒಂದು ಗಿಡ ಮುಗಿಸಿ ಮುಂದಿನದಕ್ಕೆ ಹೋದಳು.

"ನಾನೂ ಆಮ್ಯಾಲೆ ನೋಡಿದೆ" ಎಂದಳು.

"ಎಷ್ಟು ದಿನಾತು?"

"ಮುಟ್ಟು ನಿಂತು ವರ್ಷ ಆದ ಮ್ಯಾಲ ಶುರುವಾತು. ಮೊದಲು ಸೀನಿದ್ರ ಅಷ್ಟ. ಈಗ ಬಂತು ಅನ್ನೂದ್ರಾಗ ಬಚ್ಚಲಕ್ಕ ಓಡೂದ್ರಾಗ ಆಗಿ ಹೋಗಿರ್ತೈತಿ. ಉರಿ, ತುರಿಕಿ. ಒಳಗ ಒಣಗಿದಂಗ." ಕೈಯಲ್ಲಿದ್ದ ಮೊಗ್ಗನ್ನು ಬುಟ್ಟಿಗೆ ಹಾಕಿ ಹೇಳಿದಳು. "ಕೂಸು ಬಂದ ಮ್ಯಾಲ ನನಗ ಆಸರಾಗಿತ್ತು ನೋಡು. ಎಲ್ಲಾ ಅವನ ಮ್ಯಾಲ ಹೋಕ್ಕಿತ್ತು. ಅಲ್ಲಿ ಬೀಗರ ಮನ್ಯಾಗ, ಅವರ ಹಾಸಿಗಿ ಮ್ಯಾಲ ಆದ್ರ? ನಿಮ್ಮಕ್ಕ ಜನ್ಮ ಪೂರ್ತಿ ಆ ಮಾತು ಕೇಳಬೇಕು. ಬರಲಿಲ್ಲ ಅನ್ನೂ ಮಾತು ಕೇಳಲಿ, ಅದು ಸಣ್ಣದು."

ಅಕ್ಕನ ಸಿಟ್ಟನ್ನು ಅವಳು ಹೀಗೆ ತೂಗಿ ನೋಡಿ ಒಪ್ಪಿಕೊಂಡಿದ್ದಳೆಂದು ನನಗೆ ಗೊತ್ತಿರಲಿಲ್ಲ. ಡಾಕ್ಟರಿಗೆ ತೋರಿಸೋಣ ಎಂದೆ.

"ಹಡಗಲಿಯಾಗ ಬ್ಯಾಡ. ಇಲ್ಲಿ ಕಾಂಪೌಂಡರಿನಿಂದ ಹಿಡಿದು ಎಲ್ಲಾರೂ ನಿಮ್ಮಪ್ಪನ ಗುರ್ತದವರ."

ಹಗರಿಬೊಮ್ಮನಹಳ್ಳಿಗೆ ಹೋಗುವುದೆಂದಾಯಿತು. ಅಲ್ಲೊಬ್ಬ ಹೆಣ್ಣು ಡಾಕ್ಟರು ಇದ್ದಾರೆಂದು ನನ್ನ ಸಹೋದ್ಯೋಗಿಯೊಬ್ಬರು ಹಿಂದೊಮ್ಮೆ ಹೇಳಿದ್ದರು. ಮನೆಯಲ್ಲಿ ಅಕ್ಕನಿಗೆ ಸೀರೆ ತರಲು ಹೋಗುತ್ತೇವೆಂದೆವು. ಅವ್ವ ಬೆಳಗಿನಿಂದ ನೀರು ಮುಟ್ಟದೆ, ಸೀರೆಯೊಳಗೆ ಹಳೆಯ ಪಂಚೆಯ ಮಡಿಕೆಯಿಟ್ಟುಕೊಂಡು ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಎದುರಿನ ಸೀಟಿನ ಕಂಬಿಯನ್ನು ಬಿಗಿಯಾಗಿ ಹಿಡಿದಿದ್ದಳು.

ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಚೀಟಿ ಕರೆಯುವುದನ್ನು ಕಾಯುತ್ತಿದ್ದೆವು. ಆಗ ಬಾಗಿಲಲ್ಲಿ ನಮ್ಮ ಎದುರುಮನೆಯಾಕೆ ಕಂಡಳು. ತುಂಬು ಬಸುರಿ ಸೊಸೆಯ ಕೈ ಹಿಡಿದುಕೊಂಡಿದ್ದಳು. ಆ ಸೊಸೆಯ ತವರು ಆ ಊರೇ ಎಂಬುದು ನಮಗಿಬ್ಬರಿಗೂ ನೆನಪಾಗಿರಲಿಲ್ಲ.

"ಅಯ್ಯ, ಅಕ್ಕಾರ! ನೀವೇನು ಇಲ್ಲಿ?" ಎಂದು ಅವಳು ಅಲ್ಲಿದ್ದವರೆಲ್ಲ ತಿರುಗಿ ನೋಡುವಂತೆ ಕೇಳಿದಳು.

ನಾನು ಏನಾದರೂ ಹೇಳುವ ಮೊದಲೇ ಅವ್ವನ ಬಾಯಿಂದ ಮಾತು ಹೊರಬಿತ್ತು.

"ಈಕಿಗೆ. ಈಕಿಗೆ ತೋರಸಾಕ ಬಂದಿದ್ದೆ."

ಎದುರುಮನೆಯಾಕೆ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಮದುವೆಯಾಗದ ಹುಡುಗಿ, ಪರವೂರು, ಹೆರಿಗೆ ಆಸ್ಪತ್ರೆ. ಅವಳು ಇವಿಷ್ಟನ್ನು ಕೂಡಿಸುತ್ತಿರುವುದು ಕಾಣುತ್ತಿತ್ತು. "ಹೌದಾ ತಂಗಿ? ಹುಷಾರವ್ವ" ಎಂದು ಬಹಳ ಮೆತ್ತಗೆ ಹೇಳಿದಳು. ನಾನು ತಲೆಯಾಡಿಸಿದೆ. ಅಷ್ಟರಲ್ಲಿ ನಮ್ಮನ್ನು ಕರೆದರು.

ಡಾಕ್ಟರು ಮಧ್ಯವಯಸ್ಸಿನವರು. ಗಡಿಬಿಡಿಯಿಲ್ಲದೆ ಕೇಳುತ್ತಿದ್ದರು. ಮೊದಲ ಎರಡು ಪ್ರಶ್ನೆಗೆ ಉತ್ತರ ಹೇಳಿ ಅವ್ವ ನನ್ನ ಕಡೆ ನೋಡಿದಳು. "ಹೊರಗ ಕುಂದ್ರು ಸ್ವಲ್ಪ" ಎಂದಳು. ನಾನು ಎದ್ದು ಬಂದೆ. ನಾನಾಗಿದ್ದರೂ ಅವಳನ್ನು ಹೊರಗೆ ಕಳಿಸುತ್ತಿದ್ದೆ. ಬೆಂಚಿನ ಮೇಲೆ ಎದುರುಮನೆಯಾಕೆ ಇದ್ದಳು. ರೋಗಿಯೆಂದು ಹೇಳಿಸಿಕೊಂಡವಳು ಹೊರಗೆ, ತಾಯಿ ಒಳಗೆ ಇದ್ದದ್ದನ್ನು ಅವಳು ಗಮನಿಸಿದಳೋ ಇಲ್ಲವೋ ತಿಳಿಯದು. ನಾನು ಗೋಡೆಯ ಮೇಲಿನ ಕೂಸಿನ ಚಿತ್ರ ನೋಡುತ್ತಾ ಕೂತೆ.

ಸುಮಾರು ಹೊತ್ತಿನ ಮೇಲೆ ಒಳಗೆ ಕರೆದರು. ಪರೀಕ್ಷೆ ಮುಗಿದಿತ್ತು. ಅವ್ವ ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಅತ್ತಂತೆ ಕಂಡಳು, ಆದರೆ ಭುಜ ಇಳಿದಿತ್ತು. ಹೊತ್ತದ್ದನ್ನು ಕೆಳಗಿಟ್ಟವರ ಹಾಗೆ.

"ಅಮ್ಮ ಹೇಳಿದ್ದಾರೆ, ನೀವೂ ಕೇಳಿಸ್ಕೊಳ್ಳಿ" ಎಂದರು ಡಾಕ್ಟರು. "ಮುಟ್ಟು ನಿಂತ ಮೇಲೆ ಒಂದು ಹಾರ್ಮೋನು ಕಡಿಮೆಯಾಗತ್ತೆ. ಯೋನಿಯ ಒಳಚರ್ಮ ತೆಳುವಾಗತ್ತೆ, ಒಣಗತ್ತೆ. ಮೂತ್ರದ ದಾರಿ ಅದರ ಪಕ್ಕದಲ್ಲೇ ಇರೋದು, ಅದಕ್ಕೂ ಹಾಗೇ ಆಗತ್ತೆ. ಉರಿ, ತುರಿಕೆ, ತಡೆಯೋಕಾಗದೆ ಇರೋದು, ಮೇಲಿಂದ ಮೇಲೆ ಸೋಂಕು, ಎಲ್ಲ ಅದರಿಂದಲೇ. ಇದು ಉಷ್ಣ ಅಲ್ಲ. ಕೊಳಕೂ ಅಲ್ಲ. ಎಷ್ಟೋ ಜನ ಹೆಂಗಸರಿಗೆ ಆಗತ್ತೆ, ಹೇಳಲ್ಲ ಅಷ್ಟೆ."

ಯೋನಿ ಎಂಬ ಪದವನ್ನು ಅವ್ವನ ಮುಂದೆ ಯಾರಾದರೂ ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಮೂಗು, ಕಿವಿ ಎಂದಂತೆಯೇ ಇತ್ತು.

ಸೋಪು ಮತ್ತು ಆ ವಾಸನೆಯ ಔಷಧವನ್ನು ಅವರು ಆ ದಿನವೇ ನಿಲ್ಲಿಸಲು ಹೇಳಿದರು. ತೆಳುವಾದ ಚರ್ಮವನ್ನು ಅದು ಇನ್ನೂ ಸುಡುತ್ತದೆ, ಹೊರಗಿನಿಂದ ಬರೀ ನೀರು ಸಾಕು. ನೀರು ಕುಡಿಯದೆ ಇದ್ದರೆ ಮೂತ್ರ ಗಟ್ಟಿಯಾಗಿ ಉರಿ ಹೆಚ್ಚುತ್ತದೆ, ಅವಸರವೂ ಹೆಚ್ಚುತ್ತದೆ. ದಿನವಿಡೀ ಸ್ವಲ್ಪ ಸ್ವಲ್ಪವಾಗಿ ಕುಡಿಯಬೇಕು, ಚಹಾ ಮಾತ್ರ ಕಡಿಮೆ ಮಾಡಬೇಕು. ಮೂತ್ರ ಪರೀಕ್ಷೆಯಲ್ಲಿ ಸೋಂಕು ಕಂಡಿತ್ತು, ಅದಕ್ಕೆ ಗುಳಿಗೆ ಬರೆದರು. "ಮೂರು ತಗೊಂಡು ಬಿಡೋದಲ್ಲ, ಬರೆದಷ್ಟೂ ಮುಗಿಸಬೇಕು" ಎಂದರು. ಎದೆಯಲ್ಲಿ ಗಂಟು, ಮುಟ್ಟು ನಿಂತ ಮೇಲೆ ರಕ್ತ ಕಂಡದ್ದು ಇದೆಯೇ ಎಂದು ಮತ್ತೊಮ್ಮೆ ಕೇಳಿ, ಇಲ್ಲವೆಂದ ಮೇಲೆ ಒಂದು ಮುಲಾಮು ಕೊಟ್ಟರು. ಆ ಹಾರ್ಮೋನೇ ಬಹಳ ಸಣ್ಣ ಪ್ರಮಾಣದಲ್ಲಿ ಅದರಲ್ಲಿದೆ. ಮಲಗುವಾಗ ಒಳಗೆ ಹಚ್ಚಿಕೊಳ್ಳಬೇಕು. ಎರಡು ವಾರ ದಿನಾಲೂ, ಆಮೇಲೆ ವಾರಕ್ಕೆ ಎರಡು ಸಲ. ಗುಣ ಕಾಣಲು ಕೆಲವು ವಾರ ಬೇಕು. ಕೊನೆಗೆ ಮೂತ್ರ, ಗಾಳಿ ತಡೆಯುವ ಸ್ನಾಯುಗಳನ್ನು ಒಳಗೆ ಎಳೆದು ಹಿಡಿದು ಬಿಡುವ ವ್ಯಾಯಾಮ ಹೇಳಿಕೊಟ್ಟರು.

"ಇದನ್ನ ಎಲ್ಲಿ ಕುಂತು ಮಾಡಬೇಕ್ರೀ?" ಎಂದಳು ಅವ್ವ.

"ಎಲ್ಲಿ ಬೇಕಾದರೂ. ನೀವು ಈಗ ಇಲ್ಲೇ ಮಾಡಿದರೂ ನನಗೆ ಗೊತ್ತಾಗಲ್ಲ."

"ಪೂಜಿಗೆ ಕುಂತಾಗ ಹನಿ ಬಿದ್ರ..." ಅವ್ವ ಕೊರಳ ಲಿಂಗದ ಮೇಲೆ ಕೈಯಿಟ್ಟಳು.

"ಅದಕ್ಕೆಲ್ಲ ಮತ್ತೆ ಮತ್ತೆ ಮೈತೊಳೀಬೇಡಿ. ಬಟ್ಟೆ ಬದಲಾಯಿಸಿ, ಕೂತ್ಕೊಳ್ಳಿ. ನಮ್ಮ ಮನೇಲೂ ಲಿಂಗ ಕಟ್ಟಿಕೊಂಡವರೇ. ಮುಟ್ಟಿಗೂ ಸೂತಕಕ್ಕೂ ಬಿಡದೆ ಮೈಮೇಲಿರೋದಲ್ವಾ ಅದು?"

ಹಿಂತಿರುಗುವಾಗ ಬಸ್‌ಸ್ಟ್ಯಾಂಡಿನಲ್ಲಿ ಅವ್ವ ನೀರಿನ ಬಾಟ್ಲಿ ಕೊಂಡು ಕಾಲುಭಾಗ ಕುಡಿದಳು. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ, "ಇನ್ನೊಂದು ಮಾತೂ ಕೇಳಿದೆ ಅವರಿಗೆ" ಎಂದಳು.

"ಏನು?"

"ನಿನಗ ಬ್ಯಾಡ. ಅದಕ್ಕೂ ಔಷಧ ಐತಂತ." ಬಾಟ್ಲಿಯ ಮುಚ್ಚಳ ತಿರುಗಿಸುತ್ತಾ, "ನಿಮ್ಮಪ್ಪ ಒಳ್ಳೇ ಮನಷಾ. ಏನೂ ಅನ್ನಲಿಲ್ಲ ಇಷ್ಟು ದಿನ" ಎಂದಳು. ಆಮೇಲೆ ಅವಳು ನನ್ನ ಕೈ ಒತ್ತಿದಳು. "ಆಕಿ ಮುಂದ ನಿನ್ನ ಹೆಸರು ಹೇಳಿಬಿಟ್ಟೆ."

"ಇರಲಿ ಬಿಡವ್ವ" ಎಂದೆ.

ಉರಿ ಮೊದಲ ವಾರದಲ್ಲೇ ಇಳಿಯಿತು. ಸೋರುವುದು ಹಾಗೆ ಬೇಗ ನಿಲ್ಲಲಿಲ್ಲ. ಕೆಲವು ದಿನ ಸುಧಾರಿಸಿದಂತೆ ಕಂಡು, ಕೆಮ್ಮು ಬಂದ ದಿನ ಮತ್ತೆ ಮೊದಲಿನಂತೆ ಆಗುತ್ತಿತ್ತು. "ಡಾಕ್ಟರು ಸುಳ್ಳು ಹೇಳ್ಯಾರ" ಎಂದು ಒಮ್ಮೆ ಟ್ಯೂಬನ್ನು ಕಪಾಟಿನ ಮೂಲೆಗೆ ಎಸೆದಿದ್ದಳು. ಮರುದಿನ ತಾನೇ ಹುಡುಕಿ ತೆಗೆದಳು. ಔಷಧದಂಗಡಿಯಿಂದ ನಾನು ತಂದ ಪ್ಯಾಡನ್ನು ಮೊದಲು ಮುಟ್ಟಲೇ ಇಲ್ಲ, ಆಮೇಲೆ "ಇದು ಚಲೋ ಐತಿ, ಪಂಚಿಗಿಂತ" ಎಂದಳು. ಬಚ್ಚಲಿಗೆ ಓಡುವ ಬದಲು ನಿಂತಲ್ಲೇ ನಿಂತು, ಉಸಿರು ಬಿಟ್ಟು, ಅವಸರ ತಗ್ಗಿದ ಮೇಲೆ ನಡೆದು ಹೋಗುವುದನ್ನು ರೂಢಿ ಮಾಡಿಕೊಂಡಳು. ಒಂದು ಬೆಳಿಗ್ಗೆ ಪೂಜೆಯಿಂದ ಒಂದೇ ಸಲಕ್ಕೆ ಎದ್ದು ಬಂದಳು. ನಾನು ಚಹಾ ಸೋಸುತ್ತಿದ್ದೆ.

ಅದಾದ ಕೆಲವು ದಿನಕ್ಕೆ ಅವಳು ಅಕ್ಕನಿಗೆ ಹೇಳಿದಳು. "ಹರಪನಹಳ್ಳಿಗೆ ನಾನ ಬರ್ತೀನಿ. ಬಿಟ್ಟು ಸಂಜಿಕೆ ಹೊಳ್ಳಿ ಬರ್ತೀನಿ. ಉಳ್ಯಾಕ ಚಿಗವ್ವ ಇರ್ತಾಳ."

ಅಕ್ಕ ಅದನ್ನು ಅರ್ಧ ಗೌರವವೆಂದೇ ತಿಳಿದಳು. "ನಿನ್ನ ಇಷ್ಟ" ಎಂದಷ್ಟೇ ಹೇಳಿದಳು.

ಹೊರಡುವ ದಿನ ಅಪ್ಪ, ಭಾವ ತೊಟ್ಟಿಲು ಸಾಮಾನು ಹೇರಿಕೊಂಡು ಟೆಂಪೊದಲ್ಲಿ ಮುಂದೆ ಹೋದರು. ಹೆಂಗಸರಿಗೆ ಬಾಡಿಗೆ ಗಾಡಿ. ಅವ್ವ, ಕೂಸನ್ನೆತ್ತಿಕೊಂಡ ಅಕ್ಕ, ನಾನು, ಮಾಗಳದ ಚಿಗವ್ವ, ಜೊತೆಗೆ ಎದುರುಮನೆಯಾಕೆ. ಓಣಿಯವರನ್ನು ಒಬ್ಬರನ್ನಾದರೂ ಕರೆಯಲೇಬೇಕಿತ್ತು. ಚಿಗವ್ವ ಬಲವಂತ ಮಾಡಿ ಅವ್ವನಿಗೆ ಎರಡನೆಯ ಬಾರಿ ಚಹಾ ಕುಡಿಸಿದ್ದಳು.

ಊರು ದಾಟಿ ಗಾಡಿ ಮೆಕ್ಕೆಜೋಳದ ಹೊಲಗಳ ನಡುವೆ ಓಡುತ್ತಿತ್ತು. ಸ್ವಲ್ಪ ದೂರ ಹೋದ ಮೇಲೆ ಚಿಗವ್ವ ನನ್ನ ಕಡೆ ವಾಲಿದಳು.

"ಏನವ್ವ, ಆರಾಮಾದಿ?"

"ಆರಾಮ ಅದೀನಿ ಚಿಗವ್ವ. ಯಾಕ?"

"ಅಲ್ಲ, ಹಗರಿಬೊಮ್ಮನಹಳ್ಳಿಗೆ ತೋರಸಾಕ ಹೋಗಿದ್ಯಂತಲ್ಲ. ನನಗೂ ಹೇಳಲಿಲ್ಲ ನೋಡು ನೀವು. ಕೊಟ್ಟೂರಿನವರು ನಿನ್ನ ನೋಡಾಕ ಬರ್ತೀವಿ ಅಂದವರು ಯಾಕ ಸುಮ್ಮನಾದ್ರು ಅಂತೀನಿ ನಾನು. ಹುಡುಗಿಗೆ ಏನೋ ಹೊಟ್ಟ್ಯಾಗಿಂದು ಬ್ಯಾನಿ ಐತಂತ ಅಲ್ಲೀತನ ಸುದ್ದಿ ಹೋಗೈತಿ."

ಎದುರುಮನೆಯಾಕೆ ಕಿಟಕಿಯ ಹೊರಗೆ ಏನನ್ನೋ ಬಹಳ ಆಸಕ್ತಿಯಿಂದ ನೋಡತೊಡಗಿದಳು. ಅಕ್ಕ ತಿರುಗಿ ನನ್ನನ್ನು ನೋಡಿದಳು. "ಏನಾಗೈತಿ ನಿನಗ? ನನಗ ಗೊತ್ತ ಇಲ್ಲಲ್ಲ." ಕೊಟ್ಟೂರಿನವರು ಬಾರದಿದ್ದುದಕ್ಕೆ ನನಗೆ ದೊಡ್ಡ ಬೇಸರವೇನೂ ಇರಲಿಲ್ಲ. ಹೇಳಬೇಕಾದ ಮಾತು ನನ್ನದಲ್ಲ, ಅಷ್ಟೇ. ಏನಿಲ್ಲ ಎಂದು ಶುರು ಮಾಡಿದೆ.

ಮುಂದಿನ ಸೀಟಿನಿಂದ ಅವ್ವನ ದನಿ ಬಂತು. "ಗಾಡಿ ನಿಲ್ಲಸಪ."

"ಇಲ್ಲೇನವ್ವ?" ಎಂದ ಚಾಲಕ. "ಮುಂದ ಪೆಟ್ರೋಲ್ ಬಂಕ್ ಐತಿ, ಅಲ್ಲಿ ನಿಲ್ಲಸ್ತೀನಿ. ಇಲ್ಲೇನೂ ಇಲ್ಲ."

"ಅಲ್ಲೀತನ ನನಗ ತಡ್ಯಾಕ ಆಗಂಗಿಲ್ಲ. ಇಲ್ಲೇ ನಿಲ್ಲಸು."

ಗಾಡಿ ಪಕ್ಕಕ್ಕೆ ನಿಂತಿತು. ಅವ್ವ ಬಾಗಿಲು ತೆಗೆದು ಕೆಳಗಿಳಿದಳು. ಬಾಗಿಲನ್ನು ಹಿಡಿದುಕೊಂಡೇ, ಉಸಿರು ಬಿಟ್ಟು, ಒಳಗೆ ನೋಡಿದಳು.

"ಬ್ಯಾನಿ ಆಕಿಗಲ್ಲ, ನನಗ" ಎಂದಳು. "ಮುಟ್ಟು ನಿಂತ ಮ್ಯಾಲ ನನಗ ಉಚ್ಚಿ ತಡಕೊಳ್ಳಾಕ ಆಗವಲ್ದಾಗಿತ್ತು. ಸೀರಿ ಒದ್ದಿ ಆಕ್ಕಿತ್ತು. ಕೂಸಿನ ಮ್ಯಾಲ ಹಾಕಿದೆ. ದವಾಖಾನ್ಯಾಗ ನಿಮ್ಮನ್ನ ನೋಡಿ ನಾಚಿಕಿ ಬಂದು ಮಗಳ ಮ್ಯಾಲ ಹಾಕಿದೆ. ಸಾಕಿನ್ನ. ಯಾರಿಗೆ ಹೇಳಬೇಕೋ ಹೇಳ್ರಿ. ಕೊಟ್ಟೂರಿಗೂ ಹೇಳ್ರಿ."

ಹೇಳಿ ಜೋಳದ ಸಾಲಿನೊಳಗೆ ನಡೆದು ಹೋದಳು. ಓಡಲಿಲ್ಲ.

ಚಾಲಕ ಇಳಿದು ರಸ್ತೆಯ ಆಚೆ ಹೋಗಿ, ನಮಗೆ ಬೆನ್ನು ಮಾಡಿ ಯಾರಿಗೋ ಫೋನು ಹಚ್ಚಿದ. ಗಾಡಿಯೊಳಗೆ ಮೊದಲು ಅಲುಗಿದವಳು ಎದುರುಮನೆಯಾಕೆ.

"ತಡೀರಿ, ನಾನೂ ಹೋಗಿ ಬರ್ತೀನಿ" ಎಂದು ಮೊಣಕಾಲ ಮೇಲೆ ಕೈಯೂರಿ ಇಳಿದಳು. "ಹಡಗಲಿ ಬಿಟ್ಟಾಗಿಂದ ಹಿಡಕೊಂಡು ಕುಂತೀನವ್ವ, ಯಾರರ ನಿಲ್ಲಸ್ರಿ ಅಂತಾರೇನು ಅಂತ."

"ನನ್ನನ್ನ ಬಿಟ್ಟು ಹೋಗಬ್ಯಾಡ್ರಿ" ಎಂದಳು ಚಿಗವ್ವ. ಇಳಿಯುವಾಗ ನನ್ನ ಗಲ್ಲ ಮುಟ್ಟಿ, "ಬಾಯಿ ಮುಚ್ಚಿಕೊಂಡು ಕುಂತಿದ್ದಿ ನೋಡು ನೀನೂ, ಕಳ್ಳಿ" ಎಂದಳು.

ಅಕ್ಕ ಕೊನೆಗೆ ಉಳಿದಳು. ಅವಳ ಕಣ್ಣು ತುಂಬಿತ್ತು. ಕೂಸನ್ನು ನನ್ನ ತೊಡೆಯ ಮೇಲಿಟ್ಟು ಅವಳೂ ಇಳಿದು ಹೋದಳು. ಜೋಳದ ಎಲೆಗಳ ಸದ್ದಿನ ನಡುವೆ ಅವಳ ದನಿ ಅಲ್ಲಲ್ಲಿ ಕೇಳಿಸುತ್ತಿತ್ತು.

"ಅದಕ್ಕ ಬರಂಗಿಲ್ಲ ಅಂದಿದ್ದೇನು? ನನಗರ ಹೇಳಬೇಕಿಲ್ಲೇನು?"

"ಹಸಿ ಬಾಣಂತಿಗೆ ಏನಂತ ಹೇಳ್ಲಿ?"

"ಹಸಿ ಬಾಣಂತಿ! ನನಗೂ ನಕ್ಕರ ಹಂಗ ಆಗ್ತೈತವ್ವ, ಹಡದಾಗಿಂದ. ನಾನೇನು ಬಾಯಿ ಬಿಟ್ಟೀನಾ?"

ಆಮೇಲೆ ಅವ್ವನ ನಗು ಕೇಳಿತು. ಬಹಳ ದಿನಗಳ ಮೇಲೆ ಅವಳು ಸೆರಗು ಬಾಯಿಗೆ ಒತ್ತದೆ ನಗುತ್ತಿದ್ದಳು. "ಅದಕ್ಕೊಂದು ಐತಿ, ಕಲಸ್ತೀನಿ ಬಾ. ಬಿಗಿಹಿಡಿದು ಬಿಡೂದು. ಆದ್ರ ಡಾಕ್ಟರಿಗೆ ತೋರಸು ಮೊದಲು. ನನ್ನಂಗ ವರ್ಷಗಟ್ಟಲೆ ಕುಂದ್ರಬ್ಯಾಡ."

ಗಾಡಿ ಮತ್ತೆ ಹೊರಟಾಗ ಅವ್ವ ಚಾಲಕನಿಗೆ ಹೇಳಿದಳು. "ಮುಂದ ಮತ್ತ ಹೇಳಿದ್ರ ಮತ್ತ ನಿಲ್ಲಸಬೇಕು ನೋಡಪ."

"ಆತು ಬಿಡವ್ವ. ನಮ್ಮ ಮನ್ಯಾಗೂ ಅವ್ವ ಅದಾಳ" ಎಂದ ಅವನು. ಎದುರುಮನೆಯಾಕೆ ಮಾತ್ರ ದಾರಿಯುದ್ದಕ್ಕೂ ಮುಲಾಮಿನ ಹೆಸರು ಕೇಳುತ್ತಲೇ ಇದ್ದಳು. ಹಾಗೆಲ್ಲ ಹೆಸರು ಕೇಳಿ ತಗೊಳ್ಳುವುದಲ್ಲ, ಪರೀಕ್ಷೆ ಮಾಡಿಯೇ ಕೊಡುತ್ತಾರೆ, ತಾನೇ ಜೊತೆಗೆ ಬರುತ್ತೇನೆ ಎಂದು ಅವ್ವ ಅವಳಿಗೆ ಹೇಳುತ್ತಲೇ ಇದ್ದಳು.

ಹರಪನಹಳ್ಳಿಯಲ್ಲಿ ಆರತಿ ಎತ್ತಿ ಕೂಸನ್ನು ಒಳಗೆ ಕರೆದುಕೊಂಡರು. ತೊಟ್ಟಿಲು ಕಟ್ಟಿದರು. ಊಟವಾಯಿತು. ಎಲೆ ಅಡಿಕೆ ಹಾಕಿಕೊಂಡು ಕೂತಾಗ ಅವ್ವ ಬೀಗತಿಯನ್ನು ಕೇಳಿದಳು.

"ಬಚ್ಚಲಕ್ಕ ಹತ್ತಿರ ಯಾವ ಕೋಣಿ ಐತ್ರಿ? ನನಗ ಎದ್ದು ಎದ್ದು ಹೋಗೂದು ಇರ್ತೈತಿ."

"ಹಿಂದ್ಗಡೇದು. ನಾನು ಮಲಗೋದೇ ಅಲ್ಲಿ" ಎಂದರು ಬೀಗತಿ. ಒಂದು ಕ್ಷಣ ಅವ್ವನ ಮುಖವನ್ನೇ ನೋಡಿ, "ಬರ್ರಿ, ಜಾಗ ದೊಡ್ಡದೈತೆ. ಇಬ್ರೂ ಅಲ್ಲೇ ಮಲಗಾಣ, ತೊಟ್ಟಿಲೂ ಅಲ್ಲೇ ತರಸ್ತೀನಿ" ಎಂದರು.

ಚಿಗವ್ವ ತನ್ನ ಚೀಲವನ್ನು ಎತ್ತಿಕೊಂಡು ನಮ್ಮೊಂದಿಗೆ ಗಾಡಿ ಹತ್ತಿದಳು. ಅವ್ವ ಹೊಸ್ತಿಲಲ್ಲಿ ನಿಂತು, ಅಪ್ಪನ ಬಿಪಿ ಗುಳಿಗೆ ಎಲ್ಲಿದೆಯೆಂದು ನನಗೆ ಹೇಳಿದಳು. ಬೆಳಿಗ್ಗೆ ಮಲ್ಲಿಗೆ ಬಿಡಿಸುವುದನ್ನು ಮರೆಯಬೇಡವೆಂದಳು. ಒಳಗೆ ಕೂಸು ಅತ್ತಿತು. ಮಾತು ಅರ್ಧಕ್ಕೇ ಬಿಟ್ಟು ಅವಳು ತಿರುಗಿ ಹೋದಳು.

"ಯಾವಾಗ ಬರ್ತಾಳಂತ ನಿಮ್ಮವ್ವ?" ದಾರಿಯಲ್ಲಿ ಅಪ್ಪ ಕೇಳಿದರು.

"ಕೂಸು ಹೊಂದಿಕೊಂಡ ಮ್ಯಾಲ" ಎಂದೆ.